ನ್ಯೂಯಾರ್ಕಿನ ಪಿಸ್ತೂಲು ಕಾಯ್ದೆ: ನೆರವಿಗೆ ಧಾವಿಸುವವನಿಗೆ ಹಾಕಿದ ಗೆರೆ

ನ್ಯೂಯಾರ್ಕ್ ರಾಜ್ಯದ ದಂಡ ಸಂಹಿತೆಯ 35ನೇ ಅಧ್ಯಾಯವು, ಕಣ್ಣೆದುರು ಅಪರಿಚಿತನೊಬ್ಬನ ಮೇಲೆ ಕೊಲೆಯತ್ನ ನಡೆಯುತ್ತಿದ್ದರೆ, ಅನಿವಾರ್ಯವಾದಲ್ಲಿ ಪ್ರಾಣಾಂತಿಕ ಬಲವನ್ನಾದರೂ ಬಳಸಿ ಅದನ್ನು ತಡೆಯಲು ದಾರಿಹೋಕನಿಗೆ ಅವಕಾಶ ಕೊಡುತ್ತದೆ. ಅದೇ ಸಂಹಿತೆಯ 265ನೇ ಅಧ್ಯಾಯವು, ಪರವಾನಗಿಯಿಲ್ಲದ ಗುಂಡು ತುಂಬಿದ ಪಿಸ್ತೂಲನ್ನು ಮನೆಯಾಚೆ ಇಟ್ಟುಕೊಂಡವನಿಗೆ ಮೂರೂವರೆ ವರ್ಷದಿಂದ 15 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಈ ಎರಡು ಅಧ್ಯಾಯಗಳ ನಡುವಿನ ತಿಕ್ಕಾಟಕ್ಕೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

1910ರ ಆಗಸ್ಟಿನಲ್ಲಿ ನಗರದ ಮೇಯರ್ ವಿಲಿಯಂ ಗೇನರ್ ಅವರ ಮೇಲೆ, ಕೆಲಸ ಕಳೆದುಕೊಂಡಿದ್ದ ನಗರ ನೌಕರನೊಬ್ಬ ಹಡಗಿನ ಮೇಲೆಯೇ ಗುಂಡು ಹಾರಿಸಿದ. ಗೇನರ್ ಬದುಕಿ ಉಳಿದರೂ ಗುಂಡು ಅವರ ಗಂಟಲಲ್ಲೇ ಉಳಿಯಿತು. ಐದು ತಿಂಗಳ ನಂತರ, 1911ರ ಜನವರಿಯಲ್ಲಿ, ಗ್ರಾಮರ್ಸಿ ಪಾರ್ಕಿನ ಬಳಿ ಕಾದಂಬರಿಕಾರ ಡೇವಿಡ್ ಗ್ರಹಾಂ ಫಿಲಿಪ್ಸ್ ಕೊಲೆಯಾದರು. ಅವರ ಬರಹ ತನ್ನ ಕುಟುಂಬವನ್ನು ಅವಮಾನಿಸಿದೆ ಎಂಬ ಭ್ರಮೆಯಲ್ಲಿದ್ದ ಪಿಟೀಲು ವಾದಕನೊಬ್ಬ ಅವರಿಗೆ ಗುಂಡಿಕ್ಕಿ, ಅಲ್ಲಿಯೇ ತಾನೂ ಗುಂಡು ಹಾರಿಸಿಕೊಂಡು ಸತ್ತ. ಸಾರ್ವಜನಿಕರ ಆಕ್ರೋಶದ ಬೆನ್ನಲ್ಲೇ ಟ್ಯಾಮನಿ ಹಾಲ್ ಪಕ್ಷಕೂಟದ ಪ್ರಭಾವಿ ಸೆನೆಟರ್ ಟಿಮೊತಿ ಸಲಿವನ್ ಮಂಡಿಸಿದ ಮಸೂದೆ ಅದೇ ವರ್ಷ ಕಾಯ್ದೆಯಾಗಿ, ಬಚ್ಚಿಟ್ಟುಕೊಳ್ಳಬಹುದಾದ ಪಿಸ್ತೂಲಿಗೆ ಪರವಾನಗಿ ಕಡ್ಡಾಯವಾಯಿತು. ಪಿಸ್ತೂಲನ್ನು ಹೊರಗೆ ಒಯ್ಯಲು ‘ಸೂಕ್ತ ಕಾರಣ’ ತೋರಿಸಬೇಕೆಂಬ ಷರತ್ತು 1913ರಲ್ಲಿ ಸೇರಿಕೊಂಡಿತು. ಬೀದಿ ಅಪಾಯಕಾರಿ ಎಂಬುದು ಸೂಕ್ತ ಕಾರಣವಲ್ಲ, ಉಳಿದ ನಾಗರಿಕರಿಗಿಲ್ಲದ ವಿಶೇಷ ಅಪಾಯ ಅರ್ಜಿದಾರನಿಗೆ ಇರಬೇಕು ಎಂದು ನ್ಯಾಯಾಲಯಗಳು ಅದನ್ನು ವ್ಯಾಖ್ಯಾನಿಸಿದವು. ಈ ಅಳತೆಗೋಲಿನ ಪ್ರಕಾರ, ಇನ್ನೊಬ್ಬರ ನೆರವಿಗೆ ಬೇಕಾದೀತು ಎನ್ನುವ ಅರ್ಜಿಗೆ ನಗರ ಪೊಲೀಸರ ಪರವಾನಗಿ ವಿಭಾಗದಲ್ಲಿ ಬೆಲೆಯೇ ಇರಲಿಲ್ಲ. ನಿವೃತ್ತ ಪೊಲೀಸರಿಗೆ, ನಗದು ಸಾಗಿಸುವ ವ್ಯಾಪಾರಿಗಳಿಗೆ, ಪ್ರಭಾವವುಳ್ಳ ಸಿರಿವಂತರಿಗೆ ಮಾತ್ರ ಪರವಾನಗಿ ಸಿಗುತ್ತಿತ್ತು. ಲಂಚ ಪಡೆದು ಪರವಾನಗಿ ಕೊಡಿಸಿದ ಆರೋಪದಲ್ಲಿ ಆ ವಿಭಾಗದ ಅಧಿಕಾರಿಗಳೂ ದಲ್ಲಾಳಿಗಳೂ ಕಟಕಟೆ ಹತ್ತಿದ್ದುಂಟು.

ತಿಕ್ಕಾಟ ಬಯಲಿಗೆ ಬಂದದ್ದು ಬರ್ನಾರ್ಡ್ ಗೆಟ್ಸ್ ಪ್ರಕರಣದಲ್ಲಿ. 1981ರಲ್ಲಿ ದರೋಡೆಗೆ ಒಳಗಾದ ಮೇಲೆ ಗೆಟ್ಸ್ ಸಲ್ಲಿಸಿದ ಅರ್ಜಿ ತಿರಸ್ಕೃತವಾಗಿತ್ತು. ಆತ ಫ್ಲಾರಿಡಾದಲ್ಲಿ ರಿವಾಲ್ವರ್ ಕೊಂಡ. 1984ರ ಡಿಸೆಂಬರ್ 22ರಂದು ಸುರಂಗ ರೈಲಿನಲ್ಲಿ ಹಣ ಕೇಳಿದ ನಾಲ್ವರು ಹುಡುಗರ ಮೇಲೆ ಗುಂಡು ಹಾರಿಸಿದ, ಅವರಲ್ಲೊಬ್ಬ ಜೀವನವಿಡೀ ಪಾರ್ಶ್ವವಾಯುವಿಗೆ ತುತ್ತಾದ. 1987ರಲ್ಲಿ ಜ್ಯೂರಿ ಆತನನ್ನು ಕೊಲೆಯತ್ನದ ಆರೋಪದಿಂದ ಬಿಟ್ಟು, ಪರವಾನಗಿಯಿಲ್ಲದ ಅಸ್ತ್ರ ಹೊಂದಿದ್ದಕ್ಕಷ್ಟೇ ಅಪರಾಧಿ ಎಂದಿತು. ಪಾರ್ಶ್ವವಾಯುವಿಗೆ ತುತ್ತಾದ ಹುಡುಗನಿಗೆ 4.3 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 1996ರಲ್ಲಿ ಸಿವಿಲ್ ಜ್ಯೂರಿ ಹೇಳಿದ್ದನ್ನು, ಗೆಟ್ಸ್‌ನನ್ನು ವೀರನೆಂದು ಕೊಂಡಾಡುವವರು ಸಾಮಾನ್ಯವಾಗಿ ನೆನಪಿಸುವುದಿಲ್ಲ.

ನೆರವಿಗೆ ಬೇಕಾದೀತೆಂದು ಸಾಮಾನ್ಯರು ಪಿಸ್ತೂಲು ಒಯ್ಯಬೇಕೇ ಎಂಬ ವಾದದ ಎರಡೂ ದಡಗಳನ್ನು ಕಾಣಲು ಇಬ್ಬರು ಮಹಿಳೆಯರ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. 1991ರ ಅಕ್ಟೋಬರಿನಲ್ಲಿ ಟೆಕ್ಸಾಸಿನ ಕಿಲೀನ್ ಪಟ್ಟಣದ ಹೋಟೆಲಿನ ಗಾಜು ಒಡೆದು ಟ್ರಕ್ ನುಗ್ಗಿಸಿದ ಬಂದೂಕುಧಾರಿ 23 ಜನರನ್ನು ಕೊಂದ. ಸುಸಾನಾ ಹಪ್ ಅವರ ತಂದೆ-ತಾಯಿ ಇಬ್ಬರೂ ಅಲ್ಲಿ ಸತ್ತರು; ಅಂದಿನ ರಾಜ್ಯ ಕಾನೂನಿಗೆ ಅಂಜಿ ಹಪ್ ತಮ್ಮ ರಿವಾಲ್ವರನ್ನು ಹೊರಗೆ ಕಾರಿನಲ್ಲಿಯೇ ಬಿಟ್ಟುಬಂದಿದ್ದರು. ಎರಡು ವರ್ಷಗಳ ನಂತರ, 1993ರ ಡಿಸೆಂಬರ್ 7ರ ಸಂಜೆ, ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಿಂದ ಹೊರಟ ಲಾಂಗ್ ಐಲೆಂಡ್ ರೈಲಿನಲ್ಲಿ ಒಬ್ಬಾತ ಆರು ಜನರನ್ನು ಕೊಂದು 19 ಜನರನ್ನು ಗಾಯಗೊಳಿಸಿದ. ಸತ್ತವರಲ್ಲಿ ಕ್ಯಾರಲಿನ್ ಮೆಕಾರ್ತಿ ಅವರ ಪತಿ ಇದ್ದರು, ಮಗ ತೀವ್ರವಾಗಿ ಗಾಯಗೊಂಡಿದ್ದ. ಹಂತಕ ಮತ್ತೆ ಗುಂಡು ತುಂಬಲು ನಿಂತ ಕ್ಷಣದಲ್ಲಿ ಬರಿಗೈಯ ಮೂವರು ಪ್ರಯಾಣಿಕರು ಅವನನ್ನು ಕೆಡವಿ ಹಿಡಿದರು. ತಮ್ಮ ಕೈಯಲ್ಲೂ ಅಸ್ತ್ರ ಇರಬೇಕಿತ್ತು ಎಂದು ಹಪ್ ನಿರ್ಧರಿಸಿದರೆ, ಹಂತಕನ ಕೈಗೆ ಅಷ್ಟು ಗುಂಡುಗಳು ಸಿಗಬಾರದಿತ್ತು ಎಂದು ಮೆಕಾರ್ತಿ ನಿರ್ಧರಿಸಿದರು. ಇಬ್ಬರೂ 1996ರಲ್ಲಿ ಚುನಾವಣೆ ಗೆದ್ದರು, ಒಬ್ಬರು ಟೆಕ್ಸಾಸ್ ಶಾಸನಸಭೆಗೆ, ಇನ್ನೊಬ್ಬರು ಅಮೆರಿಕದ ಸಂಸತ್ತಿಗೆ.

ಯಾರ ತೀರ್ಮಾನ ಸರಿ? ನನಗೆ ಕಾಣುವಂತೆ, ಹಪ್ ಅವರ ಸಂಕಟ ನಿಜ, ಆದರೆ ಅದರಿಂದ ನಿಯಮ ಹುಟ್ಟಿಸುವುದು ಕಷ್ಟ. 2000ರಿಂದ 2013ರವರೆಗಿನ 160 ಗುಂಡಿನ ದಾಳಿಗಳನ್ನು ಪರಿಶೀಲಿಸಿದ ಎಫ್‌ಬಿಐ ವರದಿಯ ಪ್ರಕಾರ, 21 ಪ್ರಕರಣಗಳಲ್ಲಿ ನಿರಾಯುಧ ನಾಗರಿಕರೇ ದಾಳಿಕೋರನನ್ನು ಹಿಡಿದು ನಿಲ್ಲಿಸಿದ್ದರು. ಪೊಲೀಸರಲ್ಲದ ಸಶಸ್ತ್ರ ವ್ಯಕ್ತಿಗಳ ಗುಂಡಿನಿಂದ ಕೊನೆಗೊಂಡವು ಐದು. 2022ರ ಜುಲೈನಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲಿನಲ್ಲಿ 22ರ ಯುವಕನೊಬ್ಬ ಕೆಲವೇ ಸೆಕೆಂಡುಗಳಲ್ಲಿ ಹಂತಕನನ್ನು ಉರುಳಿಸಿದ್ದು ಇದೇ ಬಗೆಯ ಘಟನೆಯೇ. ಅದಕ್ಕೂ ಒಂದು ವರ್ಷ ಮೊದಲು ಕೊಲರಾಡೋದ ಅರ್ವಾಡಾದಲ್ಲಿ ಹಂತಕನನ್ನು ಕೊಂದ ದಾರಿಹೋಕನನ್ನೇ, ಅವನೇ ದಾಳಿಕೋರ ಎಂದು ಭಾವಿಸಿದ ಪೊಲೀಸ್ ಅಧಿಕಾರಿ ಗುಂಡಿಟ್ಟು ಕೊಂದದ್ದೂ ಉಂಟು. ಕಿಕ್ಕಿರಿದ ನ್ಯೂಯಾರ್ಕಿನಲ್ಲಿ ಗುರಿ ತಪ್ಪುವುದು ಎಷ್ಟು ಸುಲಭ ಎಂಬುದಕ್ಕೆ 2012ರ ಆಗಸ್ಟಿನ ಘಟನೆ ಸಾಕು: ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಕೊಲೆಗಾರನೊಬ್ಬನನ್ನು ಪೊಲೀಸರು ಹೊಡೆದುರುಳಿಸಿದಾಗ ಗಾಯಗೊಂಡ ಒಂಬತ್ತು ಪಾದಚಾರಿಗಳಿಗೂ ತಗಲಿದ್ದು ಪೊಲೀಸರ ಗುಂಡು ಅಥವಾ ಅದರ ಚೂರುಗಳು. ತರಬೇತಿ ಪಡೆದವರ ಗತಿಯೇ ಹೀಗೆ.

ಆದರೂ ‘ಸೂಕ್ತ ಕಾರಣ’ದ ಷರತ್ತು ಉಳಿಯಲಿಲ್ಲ. ಅದನ್ನು ಪ್ರಶ್ನಿಸಿದ ‘ಬ್ರೂಯನ್’ ಪ್ರಕರಣದ 2021ರ ನವೆಂಬರಿನ ವಿಚಾರಣೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಯಾಮುಯೆಲ್ ಅಲಿಟೊ, ಮ್ಯಾನ್‌ಹಟನ್ನಿನಲ್ಲಿ ಕಚೇರಿ ಗುಡಿಸಿ, ಪಾತ್ರೆ ತೊಳೆದು, ತಡರಾತ್ರಿ ಸುರಂಗ ರೈಲು ಹಿಡಿದು ಮನೆಗೆ ಹೋಗುವ ಸಾಮಾನ್ಯ ದುಡಿಮೆಗಾರರಿಗೆ ಪರವಾನಗಿ ಏಕಿಲ್ಲ ಎಂದು ಸರ್ಕಾರಿ ವಕೀಲರನ್ನು ಕೇಳಿದ್ದರು. 2022ರ ಜೂನ್ 23ರಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ 6-3 ಬಹುಮತದಿಂದ ಆ ಷರತ್ತನ್ನು ರದ್ದುಪಡಿಸಿತು. ರಾಜ್ಯ ಸರ್ಕಾರ ಎಂಟೇ ದಿನಗಳಲ್ಲಿ ಹೊಸ ಕಾಯ್ದೆ ತಂದು, 16 ಗಂಟೆಗಳ ತರಗತಿ ಮತ್ತು ಎರಡು ಗಂಟೆಗಳ ಗುಂಡು ಹಾರಿಸುವ ಅಭ್ಯಾಸವನ್ನು ಕಡ್ಡಾಯಗೊಳಿಸಿ, ಪರವಾನಗಿ ಇದ್ದರೂ ಪಿಸ್ತೂಲು ಒಯ್ಯಲಾಗದ ‘ಸೂಕ್ಷ್ಮ ಸ್ಥಳ’ಗಳ ಉದ್ದದ ಪಟ್ಟಿ ಮಾಡಿತು. ಮೊದಲು ಪೊಲೀಸರು ಅರ್ಜಿದಾರ ಯಾರು ಎಂದು ಕೇಳುತ್ತಿದ್ದರು, ಈಗ ಆತ ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಶಾಲೆ, ಆಸ್ಪತ್ರೆ, ಟೈಮ್ಸ್ ಸ್ಕ್ವೇರ್‌ಗಳ ಜೊತೆಗೆ ಆ ಪಟ್ಟಿಯಲ್ಲಿ, ಅಲಿಟೊ ಅವರ ದುಡಿಮೆಗಾರರು ಹತ್ತುವ ಸುರಂಗ ರೈಲೂ ಇದೆ.