ತಳ್ಳುವ ಮಾಡು ಯಾವ ದಿಕ್ಕಿಗೆ? ಕಾಸರಗೋಡಿನ ಲೆಕ್ಕ

ಟೆಲಿಸ್ಕೋಪಿಗೆ ಗುಮ್ಮಟವೇ ಆಗ್ಬೇಕು ಅಂತ ಇಲ್ಲ. ನಾಲ್ಕು ಗೋಡೆ, ಮೇಲೆ ಚಕ್ರ ಇರುವ ಶೀಟಿನ ಮಾಡು (ಛಾವಣಿ), ರಾತ್ರಿ ಆ ಮಾಡನ್ನೇ ಇಡಿಯಾಗಿ ಆಚೆ ತಳ್ಳುವುದು. ಗೋಡೆ ಮುರಕಲ್ಲಿಂದು, ಅದ್ರಲ್ಲಿ ಹೇಳ್ಲಿಕ್ಕೆ ಎಂತದ್ದೂ ಇಲ್ಲ. ಟೆಲಿಸ್ಕೋಪಿನ ಕಂಬಕ್ಕೆ ಮಾತ್ರ ಬೇರೆಯೇ ಪಂಚಾಂಗ ಹಾಕಿ, ನೆಲದ ಕಾಂಕ್ರೀಟಿಗೆ ತಾಗಬಾರ್ದು, ತಾಗಿದ್ರೆ ನೀವು ಹೆಜ್ಜೆ ಇಟ್ಟಾಗೆಲ್ಲ ಗುರುಗ್ರಹ ಕುಣೀತದೆ.

ನಾನು ಎರಡು ವಾರ ಸಿಕ್ಕಿಬಿದ್ದದ್ದು ದಿಕ್ಕಿನಲ್ಲಿ. ಓದಿದಲ್ಲೆಲ್ಲ ಮಾಡನ್ನು ಉತ್ತರಕ್ಕೆ ತಳ್ಳಿ ಅಂತ ಉಂಟು, ನಾನೂ ಉತ್ತರಕ್ಕೇ ಹಳಿ ಅಂತ ಗೆರೆ ಎಳೆದಾಗಿತ್ತು. ಆದ್ರೆ ಅದು ಬ್ರಿಟನ್ ಕಡೆಯವರ ಮಾತು ಮಾರಾಯ್ರೇ! ಟೆಲಿಸ್ಕೋಪಿನ ಅಕ್ಷ ಹೊಂದಿಸ್ಲಿಕ್ಕೆ ಧ್ರುವನಕ್ಷತ್ರ ಕಾಣಬೇಕು, ಅದು ಎಷ್ಟು ಎತ್ತರ ಅಂದ್ರೆ ಸುಮಾರಾಗಿ ನಮ್ಮ ಅಕ್ಷಾಂಶದಷ್ಟೇ. ಲಂಡನ್ನಿನಲ್ಲಿ 51 ಡಿಗ್ರಿ, ಮಾಡು ಅದರ ಕೆಳಗೇ ಉಳೀತದೆ. ಕಾಸರಗೋಡಿನಲ್ಲಿ ಬರೀ 12.5.

ಈಗ ನನ್ನ ಅಳತೆ ನೋಡಿ. ಕೋಣೆ 3 ಮೀಟರ್ ಚೌಕ, ಕಂಬ ನಡುವಿನಲ್ಲಿ, ಅಂದ್ರೆ ಗೋಡೆಗೆ 1.5 ಮೀಟರ್ ದೂರ. ಟೆಲಿಸ್ಕೋಪ್ ತಿರುಗುವ ಜಾಗ ನೆಲದಿಂದ 1.5 ಮೀಟರ್, ಗೋಡೆ 1.8, ಮಾಡಿನ ತುದಿ 2.5. ಟ್ಯಾನ್ 12.5 ಅಂದ್ರೆ 0.22, ಅದನ್ನು 1.5ಕ್ಕೆ ಗುಣಿಸಿದ್ರೆ 33 ಸೆಂಟಿಮೀಟರ್. ಧ್ರುವದ ಬೆಳಕು ಗೋಡೆ ದಾಟುವುದು ಟೆಲಿಸ್ಕೋಪಿನ ಮಟ್ಟದಿಂದ ಅಷ್ಟೇ ಮೇಲೆ. ಗೋಡೆ ಆ ಮಟ್ಟದಿಂದ 30 ಸೆಂಟಿಮೀಟರ್ ಎತ್ತರ ಉಂಟು, ಮೂರು ಸೆಂಟಿಮೀಟರಿನಲ್ಲಿ ಬಚಾವ್, ಪೋಲಾರ್ ಸ್ಕೋಪಿನ (ಧ್ರುವಕ್ಕೆ ಗುರಿ ಹಿಡಿಯುವ ಪುಟ್ಟ ದುರ್ಬೀನು) ಸಣ್ಣ ಕಿಂಡಿಗೆ ಅಷ್ಟು ಸಾಕು. ಆದ್ರೆ ಅಲ್ಲಿ ಮಾಡು ಬಂದು ನಿಂತ್ರೆ? 1 ಮೀಟರ್ ಭಾಗಿಸು 1.5, ಅಂದ್ರೆ ಟ್ಯಾನ್ 0.67, ಹತ್ತಿರತ್ತಿರ 34 ಡಿಗ್ರಿ. ಧ್ರುವ ಪೂರ್ತಿ ಮಾಡಿನ ಹಿಂದೆ! (ನಾನು ಮೊದ್ಲು ನೆಲದಿಂದ ಅಳೆದು 59 ಡಿಗ್ರಿ ಅಂತ ಹೆದರಿದ್ದೆ. ಅಳೆಯಬೇಕಾದ್ದು ಟೆಲಿಸ್ಕೋಪಿನ ಮಟ್ಟದಿಂದ.)

ದಕ್ಷಿಣಕ್ಕೂ ಬೇಡ, ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಮಗೆ ಹೆಚ್ಚೆಂದ್ರೆ 30 ಡಿಗ್ರಿ ಏರುವುದು, ಲಂಡನ್ನಿನವರಿಗೆ ಕಾಣುವುದೇ ಇಲ್ಲ, ನಾವ್ಯಾಕೆ ಮುಚ್ಚಿಕೊಳ್ಳುವುದು. ನನಗೆ ಪೂರ್ವಕ್ಕೆ ಹೇಗೂ ಮನೆಯ ಹಂಚಿನ ಮಾಡು ಅಡ್ಡ, ಆ ಆಕಾಶ ಮೊದಲೇ ಹೋಗಿದೆ, ತಳ್ಳುವ ಮಾಡೂ ಆಚೆಗೇ ಹೋಗ್ಲಿ ಅಂತ ಮಾಡಿದೆ. ಪೂರ್ವದಲ್ಲಿ ತಪ್ಪಿದ್ದು ಒಂದೆರಡು ಗಂಟೆ ಕಾದ್ರೆ ತಾನಾಗಿ ಮೇಲೆ ಬರ್ತದೆ.

ಚಕ್ರ ಸ್ಲೈಡಿಂಗ್ ಗೇಟಿನದ್ದೇ, ಆ್ಯಂಗಲ್ ಕವುಚಿ ಹಾಕಿದ ಹಳಿ ಮೇಲೆ ಓಡುವ ವಿ ಚಕ್ರ. ಆದ್ರೆ ಒಂದೇ ಬದಿಗೆ ವಿ, ಇನ್ನೊಂದು ಬದಿಗೆ ಚಪ್ಪಟೆ ಚಕ್ರ. ಎರಡೂ ಬದಿ ವಿ ಹಾಕಿದ್ರೆ ಹಳಿಗಳ ಅಂತರ ಚೂರು ಹೆಚ್ಚುಕಮ್ಮಿ ಆದ್ರೂ ಮಾಡು ಕಚ್ಚಿಕೊಳ್ತದೆ. ಮಳೆಗಾಲದ ಗಾಳಿಗೆ ನಾಲ್ಕು ಮೂಲೆಗೂ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಕೊಕ್ಕೆ) ಬಿಗಿಯಬೇಕು, ಮಾಡಿನ ಭಾರ ಒಂದೇ ಸಾಕಾಗುದಿಲ್ಲ.

ಮುಚ್ಚುವ ಮೊದ್ಲು ಟ್ಯೂಬನ್ನು ಅಡ್ಡ ಮಲಗಿಸಿ. ಹನಿ ಬಿತ್ತು ಅಂತ ಗಡಿಬಿಡಿಯಲ್ಲಿ ಮಾಡು ಎಳೆದು ತಾಗಿಸಿ ನನ್ನ ಫೈಂಡರ್ (ಗುರಿ ಹುಡುಕುವ ಸಣ್ಣ ದುರ್ಬೀನು) ಈಗ ಸ್ವಲ್ಪ ಎಡಕ್ಕೆ ನೋಡ್ತದೆ.