ಹಳಿಯಡಿಯ ಕೆಸರು ಎಲ್ಲಿಂದ ಬರುತ್ತದೆ?

ಮಳೆ ನಿಂತು ವಾರ ಕಳೆದಿದ್ದರೂ, ಹಳಿಯನ್ನು ಹೊರಲು ಅಡ್ಡಲಾಗಿ ಹಾಸಿರುವ ಒಂದೆರಡು ಸ್ಲೀಪರ್‌ಗಳ ಸುತ್ತ ಮಾತ್ರ ಜಲ್ಲಿಯ ಮೇಲೆ ರಾಡಿ ಮೆತ್ತಿಕೊಂಡಿರುವುದನ್ನು, ರೈಲು ಹಾಯುವಾಗ ಆ ಸ್ಲೀಪರ್‌ಗಳು ಕುಸಿದೇಳುತ್ತ ಕೆಸರು ಕಾರುವುದನ್ನು ಹಳಿ ನಿರ್ವಹಣೆಯವರೆಲ್ಲ ಕಂಡಿರುತ್ತಾರೆ. ಇದಕ್ಕೆ ಮಡ್ ಪಂಪಿಂಗ್ ಎನ್ನುತ್ತೇವೆ.

ನುಣುಪು ಮಣ್ಣು, ನೀರು ಮತ್ತು ಮರುಕಳಿಸುವ ಭಾರ, ಈ ಮೂರೂ ಕೂಡಿದಾಗಲೇ ಇದು ಸಂಭವಿಸುತ್ತದೆ. ತಲಾ ನಾಲ್ಕು ಅಚ್ಚುಗಳಿರುವ 50 ವ್ಯಾಗನ್‌ಗಳ ಒಂದು ಗಾಡಿ ಹಾದುಹೋದರೆ ಅದೇ ಮಣ್ಣು 200 ಬಾರಿ ಒತ್ತಡಕ್ಕೆ ಒಳಗಾಗುತ್ತದೆ. ಕಣಗಳ ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿ ಸಿಗದೆ, ಅದರ ಒತ್ತಡ ಏರುತ್ತ ಹೋಗಿ, ಕಣಗಳು ಪರಸ್ಪರ ಹಿಡಿದುಕೊಂಡಿದ್ದ ಬಲವೇ ಸಡಿಲವಾಗುತ್ತದೆ. ಸ್ಲೀಪರ್ ಕೆಳಗೆ ಟೊಳ್ಳಿದ್ದರಂತೂ ಅದು ಪ್ರತಿ ಗಾಲಿಗೂ ಪಂಪಿನಂತೆ ರಾಡಿಯನ್ನು ಮೇಲಕ್ಕೆ ತಳ್ಳುತ್ತದೆ. ಗಾಲಿಯ ಹೊಡೆತಕ್ಕೆ ಟೊಳ್ಳು ಬೇಗ ಬೀಳುವ ಹಳಿಯ ಜೋಡಣೆಗಳ ಬಳಿಯೇ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮಣ್ಣಿನ ಗುಣವನ್ನು ಅಂಗೈಯಲ್ಲೇ ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಹಸಿ ಮಣ್ಣಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಕೈಯನ್ನು ತಟ್ಟಿದಾಗ ಮೇಲ್ಮೈಯಲ್ಲಿ ನೀರು ಮಿನುಗಿ, ಬೆರಳಿನಿಂದ ಒತ್ತಿದೊಡನೆ ಅದು ಇಂಗಿದರೆ ಅದು ಸಿಲ್ಟ್, ಅಂದರೆ ನಯವಾದ ಹೂಳುಮಣ್ಣು. ಜಿಗುಟು ಜೇಡಿಯಲ್ಲಿ ಹಾಗಾಗುವುದಿಲ್ಲ. 0.075 ಮಿ.ಮೀ.ಗಿಂತ ಸಣ್ಣ ಕಣಗಳ, ಅಂಟು ಕಡಿಮೆಯಿರುವ ಇಂಥ ಮಣ್ಣನ್ನೇ ನಾನು ಹೆಚ್ಚು ಶಂಕಿಸುತ್ತೇನೆ.

ಆದರೆ ಕೆಸರೆಲ್ಲ ತಳದಿಂದಲೇ, ಅಂದರೆ ಜಲ್ಲಿಯ ಕೆಳಗಿನ ಮಣ್ಣಿನಿಂದಲೇ, ಬಂದಿರಬೇಕೆಂದಿಲ್ಲ. ಜಲ್ಲಿಕಲ್ಲುಗಳೇ ಉಜ್ಜಿಕೊಂಡು, ಕಾಂಕ್ರೀಟ್ ಸ್ಲೀಪರಿನ ತಳ ಸವೆದು ಉದುರುವ ಪುಡಿಯೂ ನೀರು ಬೆರೆತಾಗ ರಾಡಿಯಾಗುತ್ತದೆ. ಆದ್ದರಿಂದ ಮೊದಲು ಸ್ಲೀಪರಿನ ತುದಿಯಲ್ಲಿ ಗುಂಡಿ ತೋಡಿಸಿ ನೋಡಬೇಕು: ಮೇಲೆ ಕೊಳೆಯಾಗಿದ್ದು ಕೆಳಗಿನ ಜಲ್ಲಿ ಶುಭ್ರವಾಗಿದ್ದರೆ ಕೆಸರು ತಳದಿಂದ ಏರಿದ್ದಲ್ಲ, ತಳಮಣ್ಣಿನ ಬಣ್ಣದ ಕೆಸರು ಕೆಳಗಿನಿಂದಲೇ ತುಂಬಿಕೊಂಡಿದ್ದರೆ ದೋಷ ತಳದ್ದು. ಅರ್ಧ ಗಂಟೆಯ ಈ ಕೆಲಸವನ್ನು ತಪ್ಪಿಸಿ ನೇರವಾಗಿ ಯಂತ್ರ ತರಿಸುವ ಅವಸರ ನಮ್ಮವರಲ್ಲಿ ತುಸು ಹೆಚ್ಚೇ ಇದೆ.

ಯಂತ್ರದಿಂದ ಟ್ಯಾಂಪಿಂಗ್ ಮಾಡಿದರೆ, ಅಂದರೆ ಸ್ಲೀಪರಿನಡಿಗೆ ಜಲ್ಲಿಯನ್ನು ಒತ್ತಿ ತುಂಬಿದರೆ, ಹಳಿ ಕೆಲಕಾಲ ಮಟ್ಟಕ್ಕೆ ಬರುತ್ತದೆ, ಅಷ್ಟೆ. ಮೆತುವಾದ ತಳದ ಮೇಲೆ ಮತ್ತೆ ಮತ್ತೆ ಜಲ್ಲಿ ಸುರಿದರೆ ಅದು ಮಣ್ಣೊಳಗೆ ಇಳಿದು ಬಟ್ಟಲಿನಂಥ ಗುಳಿಯಾಗಿ, ನೀರು ಅಲ್ಲೇ ನಿಲ್ಲುತ್ತದೆ. ತಳದ ದೋಷವಿರುವಲ್ಲಿ ಜಲ್ಲಿ ಮತ್ತು ಮಣ್ಣಿನ ನಡುವೆ ಸರಿಯಾದ ಗಾತ್ರಗಳ ಕಣಗಳು ಬೆರೆತ ಮರಳಿನ ಪದರ ಬೇಕಾಗುತ್ತದೆ. ಕೇವಲ ನೀರು ಸೋಸುವ ಸಿಂಥೆಟಿಕ್ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿದರೆ ನುಣುಪು ಕಣಗಳು ಅದರ ಮೂಲಕ ನುಸುಳಬಹುದು ಇಲ್ಲವೇ ಅದರ ರಂಧ್ರಗಳನ್ನೇ ಮುಚ್ಚಿಬಿಡಬಹುದು. ಇವೆಲ್ಲಕ್ಕೂ ಮುಂಚೆ ಚರಂಡಿಯಾಗಬೇಕು, ಮತ್ತು ಅದರ ತಳ ಆ ಗುಳಿಯ ತಳಕ್ಕಿಂತ ಕೆಳಗಿರಬೇಕು.