ಒಂದು ಸ್ವರಕ್ಕೆ ಮೂರು ಫ್ರೇಮ್

ಪಿಯಾನೊ ನುಡಿಸುವವರ ಹಳೆಯ ಕಪ್ಪು-ಬಿಳುಪು ತುಣುಕುಗಳನ್ನು ನೋಡುವ ಹುಚ್ಚು ನನಗಿದೆ. ಅದರಲ್ಲೂ 1920 ಮತ್ತು 30ರ ದಶಕದವು. ಕೋಟು ತೊಟ್ಟ ಒಬ್ಬಾತ ಪಿಯಾನೊ ಮುಂದೆ ಕೂತಿರುತ್ತಾನೆ. ಕ್ಯಾಮೆರಾ ಕಡೆ ತಿರುಗಿ ನಗುತ್ತಾನೆ. ಮುಖ ನಿರಾಳ, ಭುಜ ನಿರಾಳ. ಬೆರಳುಗಳು ಮಾತ್ರ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿರುತ್ತವೆ. ಎರಡು ಮೂರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ನಾನು ಮತ್ತೆ ಮೊದಲಿನಿಂದ ಹಾಕುತ್ತೇನೆ.

ಈ ಸಂಗೀತಕ್ಕೆ ನಾವೆಲ್ಟಿ ಪಿಯಾನೊ ಎಂದು ಹೆಸರು. ಇದು ರ‍್ಯಾಗ್‌ಟೈಮ್‌ನ ಮಗು. ರ‍್ಯಾಗ್‌ಟೈಮ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ನಡುವೆ, 19ನೇ ಶತಮಾನದ ಕೊನೆಯಲ್ಲಿ. ಸ್ಕಾಟ್ ಜೋಪ್ಲಿನ್ ಬರೆದ ‘ಮೇಪಲ್ ಲೀಫ್ ರ‍್ಯಾಗ್’ 1899ರಲ್ಲಿ ಅಚ್ಚಾಗಿ ದೇಶದ ತುಂಬ ಹರಡಿತು. ಎಡಗೈ ಗಡಿಯಾರದ ಹಾಗೆ ತಾಳ ಹಾಕುತ್ತದೆ. ಬಲಗೈ ಆ ತಾಳದ ಪೆಟ್ಟಿನ ಮೇಲೆ ಬೀಳದೆ ಸ್ವಲ್ಪ ಮುಂಚೆ, ಸ್ವಲ್ಪ ಆಮೇಲೆ ಬಿದ್ದು ಆಟ ಆಡುತ್ತದೆ. 1920ರ ಹೊತ್ತಿಗೆ ಇದೇ ಆಟ ಇನ್ನೂ ವೇಗವಾಗಿ, ಇನ್ನೂ ಸಿಕ್ಕುಸಿಕ್ಕಾಗಿ ನಾವೆಲ್ಟಿ ಪಿಯಾನೊ ಆಯಿತು. ಜೆಜ್ ಕಾನ್‌ಫ್ರೀ 1921ರಲ್ಲಿ ಹೊರತಂದ ‘ಕಿಟನ್ ಆನ್ ದ ಕೀಸ್’ ಅದರ ದೊಡ್ಡ ಗೆಲುವು. ಅಜ್ಜಿಯ ಮನೆಯ ಬೆಕ್ಕು ಪಿಯಾನೊ ಮೇಲೆ ನಡೆದಾಡಿದ್ದು ಕೇಳಿ ಅದನ್ನು ಬರೆದರು ಅನ್ನುವ ಕಥೆ ಇದೆ.

ಕಾನ್‌ಫ್ರೀ ಪಿಯಾನೊ ರೋಲ್ ತಯಾರಿಸುವ ಕೆಲಸವನ್ನೂ ಮಾಡುತ್ತಿದ್ದರು. ಈ ಸಂಗೀತದ ಗುಟ್ಟು ಅಲ್ಲೇ ಇದೆ ಎಂದು ನನಗನಿಸುತ್ತದೆ.

ರೋಲ್ ಅಂದರೆ ಸುಮಾರು 28 ಸೆಂಟಿಮೀಟರ್ ಅಗಲದ ಕಾಗದದ ಸುರುಳಿ. ಅದರ ತುಂಬ ತೂತು. ಕೆಳಗೊಂದು ಲೋಹದ ಪಟ್ಟಿ, ಅದರಲ್ಲೂ ಸಾಲಾಗಿ ತೂತುಗಳು, ಪಿಯಾನೊದ ಒಂದೊಂದು ಕೀಗೆ ಒಂದೊಂದು. ಕಾಲಿನಿಂದ ಪೆಡಲ್ ತುಳಿದರೆ ಒಳಗಿನ ಗಾಳಿ ಹೊರಕ್ಕೆ ಎಳೆಯಲ್ಪಡುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕೂಡಲೇ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಗ ಒಂದು ಪುಟ್ಟ ತಿದಿ ಮುದುಡಿಕೊಂಡು ಸುತ್ತಿಗೆಯನ್ನು ತಂತಿಗೆ ಹೊಡೆಸುತ್ತದೆ. ನುಡಿಸುವವರೇ ಬೇಡ. ಹಾರ್ಮೋನಿಯಂ ತಿದಿ ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ, ಅಲ್ವಾ?

ಕಾಗದದಲ್ಲಿ ಎಷ್ಟು ತೂತು ಬೇಕಾದರೂ ಕೊರೆಯಬಹುದು. ಕಲಾವಿದ ನುಡಿಸಿ ಹೋದ ಮೇಲೆ ಇನ್ನಷ್ಟು ಸ್ವರ ಸೇರಿಸಬಹುದು, ತಪ್ಪಿದ ಸ್ವರ ಅಳಿಸಬಹುದು. ಹತ್ತು ಬೆರಳಿಗೆ ಎಟುಕದ್ದನ್ನೂ ರೋಲ್ ನುಡಿಸುತ್ತದೆ. ಜನರ ಕಿವಿ ಆ ಮಿನುಗಿಗೆ, ಆ ತುಂಬುತನಕ್ಕೆ ಒಗ್ಗಿಹೋಯಿತು. ನಾವೆಲ್ಟಿ ಪಿಯಾನಿಸ್ಟರು ಮಾಡಿದ್ದು ಆ ಸದ್ದನ್ನು ಬರಿಗೈಯಲ್ಲಿ ಹೊರಡಿಸುವ ಪ್ರಯತ್ನ. ಯಂತ್ರ ಮನುಷ್ಯನನ್ನು ಅನುಕರಿಸಿತ್ತು. ಈಗ ಮನುಷ್ಯ ಯಂತ್ರವನ್ನು ಅನುಕರಿಸಿದ.

ಹಾಗಾಗಿ ಬರೀ ರೆಕಾರ್ಡ್ ಕೇಳಿದಾಗ ಒಂದು ಅನುಮಾನ ಉಳಿಯುತ್ತದೆ. ಇದು ನಿಜಕ್ಕೂ ಎರಡೇ ಕೈಯಾ? ಫಿಲ್ಮ್ ನನಗೆ ಇಷ್ಟವಾಗುವುದು ಇದಕ್ಕೇ. ಅದು ಸಾಕ್ಷಿ ಹೇಳುತ್ತದೆ.

ಆದರೆ ಸಾಕ್ಷಿಯನ್ನೂ ಪರೀಕ್ಷೆ ಮಾಡಬೇಕು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್, ಅಂದರೆ ಅಷ್ಟು ಬಿಡಿ ಚಿತ್ರಗಳು. ಅದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಓಡಿ ಓಡಿ ನಡೆಯುತ್ತಾರೆ. ಪಿಯಾನೊ ನುಡಿಸುವ ಯಾರೇ ಆದರೂ ಮಾಂತ್ರಿಕನಾಗಿಬಿಡುತ್ತಾನೆ. ಚಿತ್ರದ ಜೊತೆಗೇ ಸದ್ದೂ ಫಿಲ್ಮ್ ಮೇಲಿದ್ದರೆ ಈ ಮೋಸ ನಡೆಯುವುದಿಲ್ಲ. ವೇಗ ಏರಿದರೆ ಶ್ರುತಿಯೂ ಏರುತ್ತದೆ. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಒಂದೂವರೆ ಪಟ್ಟು. ಅಂದರೆ ಷಡ್ಜ ಪಂಚಮವಾಗಿ ಕೇಳುತ್ತದೆ! ಕಿವಿ ಇರುವ ಯಾರಿಗಾದರೂ ಇದು ಸಿಕ್ಕಿಬೀಳುತ್ತದೆ. ಸಣ್ಣ ವ್ಯತ್ಯಾಸವನ್ನೂ ಹಿಡಿಯಬಹುದು. ಯುರೋಪಿನ ಟಿವಿ ಸೆಕೆಂಡಿಗೆ 25 ಫ್ರೇಮ್ ತೋರಿಸುತ್ತಿತ್ತು. 24ರ ಫಿಲ್ಮನ್ನು ಅಲ್ಲಿ ಸುಮ್ನೆ 25ರಲ್ಲಿ ಓಡಿಸುತ್ತಿದ್ದರು. ಆಗ ಶ್ರುತಿ, ಒಂದು ಕೀಯಿಂದ ಪಕ್ಕದ ಕೀಗಿರುವ ಅಂತರದ ಹತ್ತಿರ ಹತ್ತಿರ ಮುಕ್ಕಾಲು ಭಾಗದಷ್ಟು ಮೇಲೇರುತ್ತದೆ. ಹಳೆಯ ತುಣುಕಿನಲ್ಲಿ ಪಿಯಾನೊ ಯಾವ ಶ್ರುತಿಗೂ ಕೂರದೆ ಮಧ್ಯದಲ್ಲೆಲ್ಲೋ ನಿಂತಿದ್ದರೆ ನಾನು ಮೊದಲು ಗುಮಾನಿ ಪಡುವುದು ಇದನ್ನೇ.

ಸದ್ದು ಫಿಲ್ಮ್ ಮೇಲೆ ಕೂತದ್ದೇ ಒಂದು ಸೊಗಸಾದ ಕಥೆ. ಅಮೆರಿಕದ ಸಂಶೋಧಕ ಲೀ ಡಿ ಫಾರೆಸ್ಟ್ ತಮ್ಮ ಫೋನೋಫಿಲ್ಮ್ ಪದ್ಧತಿಯ ಕಿರುಚಿತ್ರಗಳನ್ನು 1923ರ ಏಪ್ರಿಲ್ 15ರಂದು ನ್ಯೂಯಾರ್ಕಿನ ರಿವೋಲಿ ಥಿಯೇಟರಿನಲ್ಲಿ ತೋರಿಸಿದರು. ಆ ಪದ್ಧತಿಯಲ್ಲಿ ಮೈಕು ಸದ್ದನ್ನು ವಿದ್ಯುತ್ತಾಗಿ ಮಾಡುತ್ತದೆ. ಆ ವಿದ್ಯುತ್ತು ಒಂದು ಅನಿಲ ತುಂಬಿದ ದೀಪವನ್ನು ಬೆಳಗುತ್ತದೆ. ಸದ್ದು ಏರಿಳಿದ ಹಾಗೆ ದೀಪವೂ ಏರಿಳಿಯುತ್ತದೆ. ಕೂದಲಿನಷ್ಟು ಸಣ್ಣ ಸೀಳಿನ ಮೂಲಕ ಆ ಬೆಳಕು ಓಡುವ ಫಿಲ್ಮಿನ ಅಂಚಿಗೆ ಬೀಳುತ್ತದೆ. ತೊಳೆದು ನೋಡಿದರೆ ಅಂಚಿನಲ್ಲಿ ಕಪ್ಪು, ಬೂದು, ಬಿಳಿ ಗೆರೆಗಳ ಸಾಲು. ಇವತ್ತಿನ ಬಾರ್‌ಕೋಡ್ ತರಹ. ಪ್ರೊಜೆಕ್ಟರಿನಲ್ಲಿ ಇದೇ ದಾರಿ ಹಿಂದುಮುಂದಾಗುತ್ತದೆ. ದೀಪದ ಬೆಳಕು ಗೆರೆಗಳನ್ನು ಹಾದು ಬೆಳಕಿಗೆ ಸ್ಪಂದಿಸುವ ಕೋಶದ ಮೇಲೆ ಬಿದ್ದು ಮತ್ತೆ ಸದ್ದಾಗುತ್ತದೆ.

ಇದರಲ್ಲಿ ಒಂದು ತೊಡಕಿತ್ತು. ಚಿತ್ರ ಕಾಣಬೇಕಾದರೆ ಪ್ರತಿ ಫ್ರೇಮೂ ಲೆನ್ಸಿನ ಹಿಂದೆ ಒಂದು ಕ್ಷಣ ನಿಲ್ಲಬೇಕು. ಸದ್ದು ಕೇಳಬೇಕಾದರೆ ಫಿಲ್ಮ್ ನಿಲ್ಲದೆ ಒಂದೇ ವೇಗದಲ್ಲಿ ಜಾರಬೇಕು. ಒಂದೇ ಜಾಗದಲ್ಲಿ ಎರಡೂ ಆಗುವುದಿಲ್ಲ. ಅದಕ್ಕೆ ಸದ್ದನ್ನು ಅದರ ಚಿತ್ರಕ್ಕಿಂತ ಮುಂದಕ್ಕೆ ಅಚ್ಚು ಮಾಡಿದರು. ಮುಂದೆ ನೆಲೆನಿಂತ 35 ಎಂಎಂ ಪದ್ಧತಿಯಲ್ಲಿ ಈ ಅಂತರ ಸುಮಾರು 20 ಫ್ರೇಮ್. ಆ ಅಂತರದಲ್ಲಿ ಫಿಲ್ಮಿನ ಕುಲುಕಾಟವನ್ನು ರೋಲರುಗಳು ಹೀರಿಕೊಳ್ಳುತ್ತವೆ. ಸರಿಯಾಗಿ ಹೀರಿಕೊಂಡವೋ ಇಲ್ಲವೋ ಎಂದು ತಿಳಿಯಲು ಪಿಯಾನೊಗಿಂತ ಕಠಿಣ ಪರೀಕ್ಷಕ ಇಲ್ಲ. ಹಾಡುವ ಗಂಟಲು ತಾನಾಗಿಯೇ ಸ್ವಲ್ಪ ಅಲುಗುತ್ತದೆ, ಪಿಟೀಲೂ ಅಷ್ಟೇ. ಪಿಯಾನೊ ಸ್ವರ ಒಮ್ಮೆ ಹೊರಟರೆ ಶ್ರುತಿ ಅಲುಗುವುದಿಲ್ಲ. ಹಳೆಯ ತುಣುಕಿನಲ್ಲಿ ಅದು ನೀರಿನಲ್ಲಿ ಅದ್ದಿದ ಹಾಗೆ ತೇಲಾಡಿದರೆ ತಪ್ಪು ಯಂತ್ರದ್ದೇ.

ಈಗ ಬೆರಳಿಗೆ ಬರೋಣ. ಬಲಗೈ ಸೆಕೆಂಡಿಗೆ 8 ಸ್ವರ ನುಡಿಸುತ್ತಿದೆ ಅಂದುಕೊಳ್ಳಿ. ನಾವೆಲ್ಟಿ ಪಿಯಾನೊದಲ್ಲಿ ಇದೇನೂ ಅತಿಶಯವಲ್ಲ. 24 ಫ್ರೇಮಿನ ಫಿಲ್ಮಿನಲ್ಲಿ ಒಂದು ಸ್ವರಕ್ಕೆ ಸಿಗುವುದು ಮೂರೇ ಫ್ರೇಮ್. ಬೆರಳು ಇಳಿಯುವುದು, ಒತ್ತುವುದು, ಏಳುವುದು ಎಲ್ಲ ಅಷ್ಟರಲ್ಲೇ. ಎಡಗೈ ಕಥೆ ಇನ್ನೂ ರೋಚಕ. ಅದು ಕೆಳಗಿನ ತಗ್ಗು ಸ್ವರ ಹೊಡೆದು, ಮೇಲೆ ಹಾರಿ ಮೂರ್ನಾಲ್ಕು ಸ್ವರಗಳ ಗುಂಪನ್ನು ಹಿಡಿದು, ಮತ್ತೆ ಕೆಳಗೆ ಹಾರಬೇಕು. ಒಂದು ಸ್ಥಾಯಿಯ ಅಗಲ ಸುಮಾರು 16.5 ಸೆಂ.ಮೀ. ಎರಡು ಸ್ಥಾಯಿ ದಾಟಿದರೆ 33. ಒಂದು ಹಾರಾಟಕ್ಕೆ ಸೆಕೆಂಡಿನ ಮೂರನೇ ಒಂದು ಭಾಗವೂ ಇಲ್ಲ. ಅಂದರೆ ಕೈಯ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಜಾಸ್ತಿ. ಕ್ಯಾಮೆರಾದ ಶಟರ್ ಪ್ರತಿ ಫ್ರೇಮಿಗೆ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ ಎಂದಿಟ್ಟುಕೊಂಡರೆ, ಅಷ್ಟರಲ್ಲಿ ಕೈ ಎರಡು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ಒಂದು ಬಿಳಿ ಕೀಯ ಅಗಲದಷ್ಟು! ವಿಡಿಯೊ ನಿಲ್ಲಿಸಿ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಬಲಗೈ ಬೆರಳುಗಳು ಒಂದಷ್ಟು ಸ್ಪಷ್ಟ, ಎಡಗೈ ಹೊಗೆಯ ಹಾಗೆ. ಆ ಹೊಗೆ ಇಳಿಯುವ ಜಾಗ ನೋಡಿ. ಪ್ರತಿ ಸಲ ಸರಿಯಾದ ಕೀ ಮೇಲೇ ಇಳಿಯುತ್ತದೆ, ಕಲಾವಿದ ಕ್ಯಾಮೆರಾ ನೋಡಿ ನಗುತ್ತಿದ್ದಾಗಲೂ.

ಇದು ಹೇಗೆ ಸಾಧ್ಯ? ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರಲ್ಲಿ ಈ ಪ್ರಶ್ನೆಯನ್ನೇ ಎತ್ತಿದರು. ವಾದ್ಯಗಾರರ ಬೆರಳು ಸೆಕೆಂಡಿಗೆ 16 ಪೆಟ್ಟಿನವರೆಗೂ ಹೋಗಬಲ್ಲದು ಎಂದು ಅವರು ಬರೆದರು. ಒಂದು ಬೆರಳು ಕೀ ಮುಟ್ಟಿದ ಸುದ್ದಿ ಮಿದುಳಿಗೆ ತಲುಪಿ, ಅಲ್ಲಿಂದ ಮುಂದಿನ ಬೆರಳಿಗೆ ಅಪ್ಪಣೆ ಬರುವಷ್ಟು ಸಮಯ ಅಲ್ಲಿಲ್ಲ. ಹಾಗಾದರೆ ಸ್ವರಗಳ ಸಾಲು ಮೊದಲೇ ಒಂದು ಕಟ್ಟಾಗಿ ಸಿದ್ಧವಾಗಿ, ಒಟ್ಟಿಗೆ ಹೊರಡಬೇಕು. ಮೃದಂಗ ಕಲಿತವರಿಗೆ ಇದು ಹೊಸದೇನಲ್ಲ. ‘ತಕಧಿಮಿ’ಯನ್ನು ಯಾರೂ ನಾಲ್ಕು ಬಿಡಿ ಪೆಟ್ಟಾಗಿ ಯೋಚಿಸಿ ನುಡಿಸುವುದಿಲ್ಲ.

ಮೃದಂಗದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ‘ಕಿಟನ್ ಆನ್ ದ ಕೀಸ್’ನಂಥ ರಚನೆಗಳಲ್ಲಿ ಬಲಗೈ ಮೂರು ಸ್ವರಗಳ ಗುಂಪನ್ನು ತಿರುಗಿಸಿ ತಿರುಗಿಸಿ ನುಡಿಸುತ್ತದೆ. ಎಡಗೈ ಮಾತ್ರ ನಾಲ್ಕರ ಲೆಕ್ಕ ಬಿಡುವುದಿಲ್ಲ. ಬಾಯಲ್ಲಿ ‘ತಕಿಟ’ ಹೇಳುತ್ತ, ಕೈಯಲ್ಲಿ ‘ತಕಧಿಮಿ’ಯ ಲೆಕ್ಕಕ್ಕೆ ತಾಳ ಹಾಕಿ ನೋಡಿ. 12 ಅಕ್ಷರ ಆದಮೇಲೆ ಎರಡೂ ಕೂಡುತ್ತವೆ. ಅಲ್ಲಿಯವರೆಗೆ ಒಂದು ಸಿಹಿಯಾದ ಗೊಂದಲ. ನೆಲ ಜಾರಿದ ಹಾಗೆ ಅನಿಸುತ್ತದೆ, ಆದರೆ ಬೀಳುವುದಿಲ್ಲ.

ಈ ಗೊಂದಲ ಯಾಕೆ ಹಿತವಾಗಿರುತ್ತದೆ? 2007ರಲ್ಲಿ ಜೆಸ್ಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್, ಸ್ಕ್ಯಾನರಿನಲ್ಲಿ ಅಲುಗಾಡದೆ ಮಲಗಿದ ಜನರಿಗೆ ಲಯಗಳನ್ನು ಕೇಳಿಸಿದರು. ಸ್ಪಷ್ಟವಾದ ತಾಳ ಸಿಕ್ಕಾಗ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ಕೇಳುವಾಗಲೇ ಮೈ ಒಳಗೊಳಗೆ ತಾಳ ಹಾಕಲು ತಯಾರಾಗುತ್ತದೆ. ಮುಂದಿನ ಪೆಟ್ಟು ಎಲ್ಲಿ ಎಂದು ನಾವು ಮೊದಲೇ ಊಹಿಸುತ್ತಿರುತ್ತೇವೆ. ಆ ಊಹೆಯನ್ನು ಬಲಗೈ ಕೆಣಕುತ್ತದೆ. ಮರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಡ್ರಮ್ ಲಯಗಳನ್ನು ಬಳಸಿ ಕಂಡದ್ದು ಏನೆಂದರೆ, ಕೆಣಕಾಟ ತೀರಾ ಕಮ್ಮಿಯಾದರೂ ತೀರಾ ಜಾಸ್ತಿಯಾದರೂ ಜನರಿಗೆ ಕುಣಿಯಬೇಕು ಅನಿಸುವುದಿಲ್ಲ. ಹದವಾಗಿದ್ದಾಗಲೇ ಕಾಲು ಎದ್ದೇಳುತ್ತದೆ. ಎಡಗೈ ಅಷ್ಟು ಹಠ ಹಿಡಿದು ತಾಳ ಕಾಯುವುದು ಆ ಹದಕ್ಕೇ ಎಂದು ನನ್ನ ಭಾವನೆ.

ನೋಡುವುದರಿಂದ ಕೇಳುವುದೂ ಬದಲಾಗುತ್ತದೆ. ಮೈಕೆಲ್ ಶುಟ್ಜ್ ಮತ್ತು ಸ್ಕಾಟ್ ಲಿಪ್ಸ್‌ಕಾಂಬ್ 2007ರಲ್ಲಿ ಮರಿಂಬಾ ಎಂಬ, ಮರದ ಪಟ್ಟಿಗಳನ್ನು ಕೋಲಿನಿಂದ ಹೊಡೆದು ನುಡಿಸುವ ವಾದ್ಯದಲ್ಲಿ ಇದನ್ನು ತೋರಿಸಿದರು. ಕಲಾವಿದ ಕೈಯನ್ನು ದೊಡ್ಡದಾಗಿ ಬೀಸಿ ಹೊಡೆದಾಗ ಸ್ವರ ಉದ್ದವಾಗಿ ಕೇಳಿತು, ಚಿಕ್ಕದಾಗಿ ಕುಟುಕಿದಾಗ ಗಿಡ್ಡವಾಗಿ ಕೇಳಿತು. ಸದ್ದಿನ ಉದ್ದದಲ್ಲಿ ನಿಜವಾಗಿ ವ್ಯತ್ಯಾಸ ಇರಲಿಲ್ಲ. ನಾವೆಲ್ಟಿ ಪಿಯಾನಿಸ್ಟರು ಮಣಿಕಟ್ಟನ್ನು ಚಿಮ್ಮಿಸುವುದು, ಕೈ ಮೇಲೆ ಕೈ ದಾಟಿಸುವುದು ಬರೀ ತೋರಿಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ಚಿಮ್ಮು ಸ್ವರದ ಒಂದು ಭಾಗವಾಗಿಯೇ ನನ್ನ ಕಿವಿಗೆ ಬೀಳುತ್ತದೆ.

ಇಂಗ್ಲೆಂಡಿನ ಬಿಲ್ಲಿ ಮೇಯರ್ಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅಂಚೆ ಮೂಲಕ ಈ ಶೈಲಿಯ ಪಿಯಾನೊ ಪಾಠ ಕಲಿಸುವ ಶಾಲೆಯನ್ನೇ ನಡೆಸಿದವರು. ಅವರು ನುಡಿಸುವ ಹಳೆಯ ಫಿಲ್ಮ್‌ಗಳು ಉಳಿದಿವೆ. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಜೋಪ್ಲಿನ್ 1917ರಲ್ಲೇ ತೀರಿಕೊಂಡರು. ಅವರ ಕೈಯಿಂದ ನಮಗೆ ಉಳಿದಿರುವ ಸದ್ದು ಕೆಲವು ಪಿಯಾನೊ ರೋಲ್‌ಗಳಲ್ಲಿ ಮಾತ್ರ. ತೂತು ಕೊರೆದ ಕಾಗದದಲ್ಲಿ ಅವರೆಷ್ಟು, ತಿದ್ದಿದವರೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಈ ಸಂಗೀತವನ್ನು ಕಟ್ಟಿದ ಕಪ್ಪು ಕಲಾವಿದರಲ್ಲಿ ಎಷ್ಟೋ ಮಂದಿಯ ಕೈಗಳನ್ನು ಯಾವ ಕ್ಯಾಮೆರಾವೂ ಕಾಣಲಿಲ್ಲ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ.

ಅದಕ್ಕೇ ಯೂಬಿ ಬ್ಲೇಕ್ ಸಿಕ್ಕಾಗ ನನಗೆ ಅಷ್ಟು ಖುಷಿ. ಬಾಲ್ಟಿಮೋರಿನವರು, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯ ಮಗ, ಹುಟ್ಟಿದ್ದು 1887ರಲ್ಲಿ. ಗೆಳೆಯ ನೋಬಲ್ ಸಿಸಲ್ ಹಾಡಲು, ಬ್ಲೇಕ್ ಪಿಯಾನೊಗೆ ಕೂತ ಫೋನೋಫಿಲ್ಮ್ ತಯಾರಾದದ್ದು 1923ರಲ್ಲಿ. ಚಿತ್ರ ಮಸುಕು, ಸದ್ದು ಡಬ್ಬದೊಳಗಿಂದ ಬಂದ ಹಾಗೆ. ತೀರಾ ತಗ್ಗಿನ ಕಂಪನಗಳು ಆ ಕಾಲದ ಧ್ವನಿಪಥದಲ್ಲಿ ಸರಿಯಾಗಿ ಉಳಿಯುತ್ತಲೇ ಇರಲಿಲ್ಲ. ಆದರೂ ಎಡಗೈಯ ತಗ್ಗು ಸ್ವರ ನಮಗೆ ಕೇಳುತ್ತದೆ. ಅದರ ಜೊತೆಗೇ ಸಣ್ಣಗೆ ಹುಟ್ಟುವ ಮೇಲಿನ ಸ್ವರಗಳನ್ನು ಹಿಡಿದು ಮಿದುಳು ಬುಡದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಬ್ಲೇಕ್ 1983ರವರೆಗೆ ಬದುಕಿದ್ದರು. 1970ರ ದಶಕದಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಗಳಲ್ಲಿ ಕೂತು ಅದೇ ಉದ್ದ ಬೆರಳುಗಳಿಂದ ರ‍್ಯಾಗ್ ನುಡಿಸಿದರು. ಅಲ್ಲಿನ ವಿಡಿಯೊ ಕ್ಯಾಮೆರಾ ಸೆಕೆಂಡಿಗೆ ಸುಮಾರು 60 ಸಲ ಚಿತ್ರವನ್ನು ಹಿಡಿಯುತ್ತಿತ್ತು. ಫೋನೋಫಿಲ್ಮ್ ಹಿಡಿಯುತ್ತಿದ್ದದ್ದು ಇಪ್ಪತ್ತು ಚಿಲ್ಲರೆ. ಹಾಗಾಗಿ 36ರ ಬ್ಲೇಕ್ ಎಡಗೈ ಹಾರಿದಾಗ ನನಗೆ ಹೊಗೆ ಕಂಡರೆ, ತೊಂಬತ್ತರ ಹತ್ತಿರದ ಬ್ಲೇಕ್ ಎಡಗೈ ಹಾರಿದಾಗ ಐದು ಬೆರಳೂ ಕಾಣುತ್ತವೆ.